ಎಸ್ 119 ಎಂದರೆ ಬರೀ ಒಂದು ಪೆಟ್ಟಿಗೆಯಲ್ಲ

ಮೊದಲ ಮಹಾಯುದ್ಧದ ಗೂಢಲಿಪಿಗಳ ಬಗ್ಗೆ ನಿನ್ನೆ ರಾತ್ರಿ ನೋಡಿದ ವಿಡಿಯೊ ಒಂದರ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲ. ಹಳೆಯ ಯುದ್ಧನೌಕೆಗಳ ಬಗ್ಗೆ ನನಗಿರುವ ಹುಚ್ಚನ್ನು ಬಲ್ಲ ನಿಮಗೆ ಇದು ಹೊಸದೇನಲ್ಲ. ಜರ್ಮನಿಯ ಟಾರ್ಪಿಡೊ ದೋಣಿ ಎಸ್ 119ಕ್ಕೆ ಅದರಲ್ಲಿ ಸಿಕ್ಕಿದ್ದು ಒಂದೇ ವಾಕ್ಯ: ದೋಣಿ ಮುಳುಗಿತು, ರಹಸ್ಯ ಸಂದೇಶಗಳನ್ನು ಬರೆಯಲು, ಓದಲು ಬೇಕಾದ ಅದರ ಸಂಕೇತ ಪುಸ್ತಕ ಬ್ರಿಟಿಷರ ಅದೃಷ್ಟಕ್ಕೆ ಮೀನಿನ ಬಲೆಗೆ ಸಿಕ್ಕಿತು. ಆ ದೋಣಿಯನ್ನು ಅಲ್ಲಿಗೆ ಏಕೆ ಕಳುಹಿಸಿದರು ಎಂಬ ಮಾತೇ ಇಲ್ಲ.

ಎಲ್ಬಿಂಗ್‌ನ ಶಿಖಾವ್ ಕಾರ್ಖಾನೆ 20ನೇ ಶತಮಾನದ ಆರಂಭದಲ್ಲಿ ಕಟ್ಟಿದ ಈ ದೋಣಿ, 1914ರ ಹೊತ್ತಿಗೆ ಹೆಚ್ಚೆಂದರೆ ಕರಾವಳಿ ಕಾವಲಿಗೆ ಒದಗುವಷ್ಟು ಹಳತಾಗಿತ್ತು. ಆ ವರ್ಷದ ಅಕ್ಟೋಬರ್ 17ರಂದು ಎಸ್ 115, ಎಸ್ 117, ಎಸ್ 118ರ ಜೊತೆ ಇದನ್ನು ಇಂಗ್ಲೆಂಡಿನ ಥೇಮ್ಸ್ ನದೀಮುಖದಲ್ಲಿ ಮೈನ್, ಅಂದರೆ ಹಡಗು ಸಿಡಿಸುವ ನೀರಿನ ಬಾಂಬು, ಹಾಕಲು ಅಟ್ಟಿದರು. ಬೆಂಗಾವಲಿಗೆ ಕ್ರೂಸರ್‌ನಂಥ ಒಂದು ದೊಡ್ಡ ಯುದ್ಧನೌಕೆ ಕೂಡ ಇರಲಿಲ್ಲ. ಮಧ್ಯಾಹ್ನ ನೆದರ್ಲೆಂಡ್ಸ್‌ನ ಟೆಕ್ಸೆಲ್ ದ್ವೀಪದಾಚೆ ಬ್ರಿಟಿಷ್ ಕ್ರೂಸರ್ ಅನ್‌ಡಾಂಟೆಡ್ ಮತ್ತು ಡಿಸ್ಟ್ರಾಯರ್ ಎಂಬ ನಾಲ್ಕು ಹೊಸ, ವೇಗದ ಯುದ್ಧನೌಕೆಗಳು ಎದುರಾದವು. ಅನ್‌ಡಾಂಟೆಡ್‌ನ 6 ಅಂಗುಲದ ಫಿರಂಗಿಯ ಒಂದೊಂದು ಗುಂಡಿನ ತೂಕ ಸುಮಾರು 45 ಕಿಲೊ. ಎಸ್ 119ರ 5 ಸೆಂಟಿಮೀಟರ್ ಫಿರಂಗಿಯ ಗುಂಡು 2 ಕಿಲೊ ಕೂಡ ತೂಗುತ್ತಿರಲಿಲ್ಲ. ಓಡಿ ಪಾರಾಗುವ ವೇಗವೂ ಅದಕ್ಕಿರಲಿಲ್ಲ. ಸಂಜೆಯೊಳಗೆ ನಾಲ್ಕೂ ಮುಳುಗಿ, 200ಕ್ಕೂ ಹೆಚ್ಚು ನಾವಿಕರು ಸತ್ತರು. ಬದುಕುಳಿದವರನ್ನು ಹುಡುಕಲು ಹೊರಟಿದ್ದ ಆಸ್ಪತ್ರೆ ಹಡಗು ಒಫೀಲಿಯಾವನ್ನೂ ಬ್ರಿಟಿಷರು ಗೂಢಚಾರಿಕೆಯ ಶಂಕೆಯಿಂದ ಹಿಡಿದೊಯ್ದರು.

ಯುದ್ಧವೆಂದ ಮೇಲೆ ಅಪಾಯ ಇದ್ದದ್ದೇ, ಮೈನ್ ಹಾಕುವುದು ಕತ್ತಲಲ್ಲಿ ಆಗುವ ಕೆಲಸ ಎಂದು ಕೆಲವರು ವಾದಿಸಬಹುದು. ಆದರೆ ಆ ಕತ್ತಲನ್ನು ಮುಟ್ಟುವ ಮೊದಲು ಬ್ರಿಟಿಷರು ಗಸ್ತು ತಿರುಗುತ್ತಿದ್ದ ಸಮುದ್ರವನ್ನು ಹಾಡಹಗಲೇ ದಾಟಬೇಕಿತ್ತಲ್ಲ? ಇದನ್ನು ಧೈರ್ಯವೆಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ. ಧೈರ್ಯ ದೋಣಿಯಲ್ಲಿದ್ದವರದು, ಆಜ್ಞೆ ಕೊಟ್ಟವರದು ಶುದ್ಧ ಬೇಜವಾಬ್ದಾರಿ.

ಸಾವು ಕಣ್ಣೆದುರಿಗಿದ್ದಾಗಲೂ ಎಸ್ 119ರವರು ಸೀಸದ ಹೊದಿಕೆಯ ಪೆಟ್ಟಿಗೆಯಲ್ಲಿ ಸಂಕೇತ ಪುಸ್ತಕ ಸೇರಿದಂತೆ ರಹಸ್ಯ ಪತ್ರಗಳನ್ನಿಟ್ಟು ಸಮುದ್ರಕ್ಕೆ ಎಸೆದಿದ್ದರು. ತಮ್ಮ ಕರ್ತವ್ಯವನ್ನು ಅವರು ಕೊನೆಯವರೆಗೂ ಮಾಡಿದ್ದರು. ನವೆಂಬರ್ 30ರಂದು ಬ್ರಿಟಿಷ್ ಮೀನುಗಾರಿಕಾ ದೋಣಿಯೊಂದರ ಬಲೆಯಲ್ಲಿ ಆ ಪೆಟ್ಟಿಗೆ ಮೇಲೆ ಬಂತು. ಬಾಲ್ಟಿಕ್‌ನಲ್ಲಿ ಮಾಗ್ಡೆಬರ್ಗ್ ಹಡಗಿನಿಂದ ರಷ್ಯನ್ನರಿಗೆ ಒಂದು ಪುಸ್ತಕ, ಆಸ್ಟ್ರೇಲಿಯಾದಲ್ಲಿ ಇನ್ನೊಂದು ಆಗಲೇ ಸಿಕ್ಕಿದ್ದವು. ಇದರೊಂದಿಗೆ ಜರ್ಮನ್ ನೌಕಾಪಡೆಯ ಮೂರೂ ಮುಖ್ಯ ಸಂಕೇತ ಪುಸ್ತಕಗಳು ಲಂಡನ್ನಿನ 40ನೇ ಕೋಣೆ, ಅಂದರೆ ಬ್ರಿಟಿಷ್ ನೌಕಾಪಡೆಯ ಗೂಢಲಿಪಿ ಬಿಡಿಸುವ ವಿಭಾಗ, ಸೇರಿದವು.

ಆ ನಾಲ್ಕು ದೋಣಿಗಳ ಮುಖ್ಯಸ್ಥ ಗೆಯೋರ್ಗ್ ಟೀಲೆ ಅವರ ಹೆಸರನ್ನು ಮುಂದೆ ಒಂದು ಜರ್ಮನ್ ಡಿಸ್ಟ್ರಾಯರ್‌ಗೆ ಇಟ್ಟರು. ಒಲೆಗೆ ಕಲ್ಲಿದ್ದಲು ಸುರಿಯುತ್ತಿದ್ದವರಿಗೆ ಅಂಥ ಗೌರವವೂ ಸಿಗಲಿಲ್ಲ. 40ನೇ ಕೋಣೆಯ ಜಾಣ್ಮೆಯನ್ನು ಹೊಗಳುವವರು ಹೊಗಳಲಿ, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಪೆಟ್ಟಿಗೆಯ ಕಥೆ ಹೇಳಲು ಹೊರಟವರು ಅಕ್ಟೋಬರ್ 17ರ ಆ ಮಧ್ಯಾಹ್ನಕ್ಕೂ ಐದು ನಿಮಿಷ ಕೊಡಲೇಬೇಕು.