ಮಂಡಿ ಬದಲಾಯಿತು, ತೊಡೆಗೆ ಯಾರು ದಿಕ್ಕು?

"ಅಲ್ಲಿ ನೋಡ್ಕೊಳೋರು ಯಾರೂ ಇರಲ್ಲ, ಅದ್ಕೇ ಆಪರೇಷನ್ ಆಗ್ತಿದ್ದಂಗೇ ಎಬ್ಬಿಸಿ ನಡುಸ್ತಾರೆ. ನಿಮ್ಮವ್ವಂಗೆ ನಾವೆಲ್ಲ ಇದ್ದೀವಿ ಕಣ್ ಮಗ, ಸುಮ್ಕಿರು" ಅಂದಳು ಚಿಕ್ಕವ್ವ, ಇಂಗ್ಲೆಂಡಿನಲ್ಲಿ ಮಾಡುವಂತೆ ಅವ್ವನನ್ನೂ ಎಬ್ಬಿಸಿ ನಡೆಸಿ ಅಂದದ್ದಕ್ಕೆ. ವಿಡಿಯೋ ಕಾಲ್‌ನಲ್ಲಿ ಅವಳ ಹಿಂದೆ, ಸವೆದ ಮಂಡಿ ಬದಲಾಯಿಸುವ ಆಪರೇಷನ್ ಮಾಡಿಸಿಕೊಂಡ ಅವ್ವ ಮಲಗಿದ್ದಳು. ಹೊಸ ಮಂಡಿಯ ಕೆಳಗೆ ಎರಡು ದಿಂಬು, ಪಕ್ಕದಲ್ಲಿ ಕಾಲುಸೂಪಿನ ಲೋಟ. ಲೀಡ್ಸ್‌ನಲ್ಲಿ ಕೂತ ನನಗೆ ಆ ಮಾತು ಚುರುಕ್ ಅಂತು.

ಮಂಡಿಯ ಕೆಳಗೆ ದಿಂಬಿದ್ದರೆ ಹಾಯೆನಿಸುತ್ತದೆ, ನಿಜ. ಆದರೆ ಮಡಿಸಿದ ಕಾಲು ಹಾಗೇ ಬಿಗಿದುಕೊಂಡರೆ ಆಮೇಲೆ ನೆಟ್ಟಗಾಗಲು ಒಲ್ಲೆನ್ನುತ್ತದೆ. ದಿಂಬು ಇರಬೇಕಾದ್ದು ಹಿಮ್ಮಡಿಯ ಕೆಳಗೆ. ಇದನ್ನು ನನಗೆ ಹೇಳಿಕೊಟ್ಟವನು ಇಲ್ಲಿಯ ಪಕ್ಕದ ಮನೆಯ ಮುದುಕ, ಬಸ್ ಓಡಿಸಿ ರಿಟೈರ್ ಆದ ಆಸಾಮಿ. ಅವನಿಗೂ ಇದೇ ಆಪರೇಷನ್. ಆದರೆ ಅವನ ಫಿಸಿಯೋಥೆರಪಿ ಶುರುವಾದದ್ದು ಕೊಯ್ಯುವುದಕ್ಕೆ ಎಷ್ಟೋ ವಾರ ಮೊದಲು. ಸರದಿಯಲ್ಲಿದ್ದವರನ್ನೆಲ್ಲ ಆಸ್ಪತ್ರೆಯವರು ಒಂದು ಕೋಣೆಯಲ್ಲಿ ಕೂರಿಸಿ ಪಾಠ ಮಾಡಿದರಂತೆ. ವಾಕರ್ ಹಿಡಿಯುವುದು ಹೇಗೆ, ಮೆಟ್ಟಿಲು ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ಕೊಯ್ದ ಕಾಲು ಮೊದಲು. ಮನೆಯಲ್ಲಿ ದಿನಾ ತೊಡೆ ಬಿಗಿಹಿಡಿದು ಬಿಡಬೇಕು, ಕಾಲನ್ನು ನೆಟ್ಟಗೆ ಮೇಲೆತ್ತಬೇಕು, ಕೈ ಊರದೆ ಕುರ್ಚಿಯಿಂದ ಏಳಬೇಕು. ಮನೆಯ ಕಮೋಡು ಎಷ್ಟು ಎತ್ತರ ಅಂತಲೂ ವಿಚಾರಿಸಿದ್ದರಂತೆ! ಹೊಸ ಕೀಲು ಎಷ್ಟೇ ಗಟ್ಟಿಯಿರಲಿ, ಅದನ್ನು ಆಡಿಸುವುದು ತೊಡೆಯ ಮುಂಭಾಗದ ಸ್ನಾಯು. ಆಪರೇಷನ್ ಆದ ಕೂಡಲೇ ಮೊದಲು ಸೊರಗುವುದೂ ಅದೇ.

ನಮ್ಮಲ್ಲಿ? ಮೈಸೂರಿನ ಆಸ್ಪತ್ರೆಯೊಂದರಲ್ಲಿ ಎಕ್ಸ್‌ರೇ ನೋಡಿ "ಪೂರ್ತಿ ಸವೆದಿದೆ, ಬದಲಾಯಿಸಿಬಿಡೋಣ" ಅಂದರು, ಅದೇ ವಾರ ಅಡ್ಮಿಷನ್. ಇಂಪ್ಲಾಂಟ್, ಅಂದರೆ ಒಳಗೆ ಕೂರಿಸುವ ಹೊಸ ಕೀಲು, ಯಾವ ದೇಶದ್ದು, ಇನ್ಶೂರೆನ್ಸ್‌ನವರು ಎಷ್ಟು ಕೊಡ್ತಾರೆ ಅಂತ ಮಂಡ್ಯದಿಂದ ಮಳವಳ್ಳಿಯವರೆಗೆ ನೆಂಟರಿಷ್ಟರಲ್ಲಿ ಚರ್ಚೆಯೋ ಚರ್ಚೆ. ತೊಡೆಯ ಸುದ್ದಿ ಮಾತ್ರ ಒಬ್ಬರೂ ಎತ್ತಲಿಲ್ಲ.

ಆಪರೇಷನ್ ಚೆನ್ನಾಗೇ ಆಯಿತು. ಮಾರನೆಯ ದಿನ ವಾಕರ್ ಕೊಟ್ಟು ನಡೆಸಿಯೂ ಆಯಿತು. ಕೆಟ್ಟದ್ದು ಮನೆಗೆ ಬಂದ ಮೇಲೆ. ಫಿಸಿಯೋ ಹುಡುಗ ಬೈಕಿನಲ್ಲಿ ಬಂದು, ಅವ್ವನನ್ನು ಮಂಚದ ಅಂಚಿಗೆ ಕೂರಿಸಿ, ಹಿಮ್ಮಡಿ ಹಿಡಿದು ಕಾಲನ್ನು ಮೆಲ್ಲಗೆ ಹಿಂದಕ್ಕೆ ಮಡಿಸುತ್ತಿದ್ದ. 90 ಡಿಗ್ರಿ ಮುಟ್ಟಿಸುವುದು ಅವನ ಹಟ. ಅವ್ವ "ಸತ್ತೆ ಕಣಪ್ಪೋ" ಅನ್ನುವುದೇ ತಡ, ಚಿಕ್ಕವ್ವ ಅಡುಗೆಮನೆಯಿಂದ ಓಡಿಬಂದು, "ನಿಂಗೂ ಹೆತ್ತವ್ವ ಇಲ್ವೇನಪ್ಪ?" ನಾಲ್ಕೂವರೆ ವರ್ಷ ಬಿ.ಪಿ.ಟಿ. ಎಂಬ ಫಿಸಿಯೋಥೆರಪಿ ಡಿಗ್ರಿ ಓದಿದ ಹುಡುಗನಿಗೆ ಒಂದು ಲೋಟ ಕಾಫಿ ಕೊಟ್ಟು, "ನೋವು ಕಮ್ಮಿ ಆಗ್ಲಿ, ಆಮೇಕೆ ಬಾ" ಅಂತ ಕಳಿಸಿಬಿಟ್ಟರು. ಬಿಟ್ಟಷ್ಟೂ ಮಂಡಿ ಬಿಗಿಯುತ್ತದೆ, ಬಿಗಿದಷ್ಟೂ ನೋವು ಹೆಚ್ಚು. ನೋವಿನ ಮಾತ್ರೆ ನುಂಗಿಸಿ ಸ್ವಲ್ಪ ಹೊತ್ತು ಬಿಟ್ಟು ಮಡಿಸಿ ಅಂತ ಇಲ್ಲಿಂದ ಗಂಟಲು ಹರಿದುಕೊಂಡೆ. ಕೇಳುವವರು ಯಾರು? ಪ್ರೀತಿ ಅಂದರೆ ಮಲಗಿಸುವುದು ಅಂತ ನಮ್ಮೂರಿನಲ್ಲಿ ತೀರ್ಮಾನವಾಗಿಹೋಗಿದೆ.

ಇನ್ನೊಂದನ್ನೂ ಹೇಳದೆ ವಿಧಿಯಿಲ್ಲ. ಪಕ್ಕದ ಮನೆಯವನಿಗೆ ತಯಾರಿಗೆ ಅಷ್ಟು ಪುರುಸೊತ್ತು ಸಿಕ್ಕಿದ್ದೇ ಸರದಿ ಬರದೆ. 18 ವಾರದೊಳಗೆ ಚಿಕಿತ್ಸೆ ಎಂಬುದು ಇಂಗ್ಲೆಂಡಿನ ಸರ್ಕಾರಿ ಗುರಿ. ಅದು ದಾಟಿಯೂ ಕುಂಟುತ್ತಾ ಕಾಯುತ್ತಿರುವವರು ಲಕ್ಷಗಟ್ಟಲೆ. ಡಿಸ್ಚಾರ್ಜ್ ಆದಾಗ ಅವನ ಕೈಗೆ ಸಿಕ್ಕಿದ್ದು ವ್ಯಾಯಾಮದ ಚಿತ್ರಗಳ ಒಂದು ಪುಸ್ತಿಕೆ. ಮನೆ ಬಾಗಿಲಿಗೆ ಯಾವ ಹುಡುಗನೂ ಬೈಕಿನಲ್ಲಿ ಬರಲಿಲ್ಲ. ಎದ್ದು ನಡೆಯದೆ ಅವನಿಗೆ ಟೀ ಕೂಡ ಇರಲಿಲ್ಲ. ಅವ್ವನಿಗಾದರೋ ಹೊತ್ತುಹೊತ್ತಿಗೆ ಬಿಸಿ ಮುದ್ದೆ, ರಾತ್ರಿ ಬಚ್ಚಲಿಗೆ ಎದ್ದರೆ ಹಿಂದೆಯೇ ಒಬ್ಬರು. ಚಿಕ್ಕವ್ವ ಅಂದದ್ದು ಪೂರ್ತಿ ಸುಳ್ಳೇನಲ್ಲ.

ಎಡ ಮಂಡಿಯೂ ಸವೆದಿದೆ. ದಸರಾ ಕಳೆದ ಮೇಲೆ ಮಾಡಿಸೋಣ ಅಂತ ಅವ್ವನೇ ಅಂದಿದ್ದಾಳೆ. ಅದೇ ಫಿಸಿಯೋ ಹುಡುಗನಿಗೆ ಫೋನ್ ಮಾಡಿ, ಈಗಿನಿಂದಲೇ ಬಂದು ತೊಡೆ ಗಟ್ಟಿಮಾಡಿಸಪ್ಪ ಅಂದಿದ್ದೇನೆ. ಆಪರೇಷನ್ನೇ ಆಗಿಲ್ಲ, ಅವನಿಗೆ ಯಾವುದರ ಫೀಸು ಅಂತ ನನ್ನ ತಮ್ಮ ತಕರಾರು ತೆಗೆದಿದ್ದಾನೆ.