ಅಟ್ಟಣೆಯಿಲ್ಲದ ಎರಡೂವರೆ ಗುಂಟೆ

ಇಂಗ್ಲೆಂಡಿನ ಅಲಾಟ್‌ಮೆಂಟಿನ, ಅಂದರೆ ತರಕಾರಿ ಬೆಳೆಯಲು ಗೇಣಿಗೆ ಸಿಗುವ ತುಂಡು ನೆಲದ, ಹಳೆಯ ಪೂರ್ತಿ ಅಳತೆ ಹತ್ತು ರಾಡ್. ಸುಮಾರು 250 ಚದರ ಮೀಟರ್, ಅಂದರೆ ಸರಿಯಾಗಿ ಎರಡೂವರೆ ಗುಂಟೆ. ಅಳತೆಯೇನೋ ನಮಗೆ ಪರಿಚಿತವೇ. ಆದರೆ ಕಾವಲಿನ ಕ್ರಮ ಬೇರೆ. ನಮ್ಮ ಕಡೆ ಪೈರು ಬಲಿಯುವ ಹೊತ್ತಿಗೆ ಹಂದಿ ಕಾಯಲು ಅಟ್ಟಣೆ ಹತ್ತಿ, ತಗಡು ಬಡಿದು, ಕೂಗಿ ರಾತ್ರಿ ಕಳೆಯುತ್ತಾರೆ. ಇಲ್ಲಿ ರಾತ್ರಿ ತೋಟದಲ್ಲಿ ತಂಗಲು ಸಾಮಾನ್ಯವಾಗಿ ಗೇಣಿಯ ಷರತ್ತೇ ಬಿಡುವುದಿಲ್ಲ. ಹಾಗಾಗಿ ಇಲ್ಲಿ ಬೆಳೆ ಉಳಿಯುವುದು ಹೊತ್ತು ನೋಡಿ ಕೊಯ್ದರೆ ಮಾತ್ರ. ನಮ್ಮವರು ಹೆಚ್ಚಾಗಿ ಸೋಲುವುದೂ ಅಲ್ಲೇ ಎಂಬುದು ನನ್ನ ಅನಿಸಿಕೆ.

ಮುಸುಕಿನ ಜೋಳವನ್ನೇ ನೋಡಿ. ಗಾಳಿಯಿಂದ ಪರಾಗ ಬೀಳಬೇಕಾದ್ದರಿಂದ ಒಂದೇ ಉದ್ದ ಸಾಲು ಹಾಕಿದರೆ ತೆನೆ ಬೊಕ್ಕುಬಾಯಿಯಾಗುತ್ತದೆ. ಚೌಕದಲ್ಲಿ, ಗಿಡಕ್ಕೆ ಗಿಡ 40 ಸೆಂಟಿಮೀಟರಿನಷ್ಟು ಬಿಟ್ಟು ನೆಡಬೇಕು. ಆಗಸ್ಟ್ ಕೊನೆಯಲ್ಲಿ ತೆನೆಯ ಕೂದಲು ಕಂದಾಗಿ ಒಣಗಿದ ಮೇಲೆ ಸಿಪ್ಪೆ ಸ್ವಲ್ಪ ಸರಿಸಿ ಕಾಳಿಗೆ ಉಗುರು ಒತ್ತಿ. ನೀರು ಬಂದರೆ ಎಳಸು, ಹಾಲು ಬಂದರೆ ಅಂದೇ ಮುರಿಯಿರಿ, ಹಿಟ್ಟಿನಂತಾದರೆ ಹೊತ್ತು ಮೀರಿತು. ಹಾಲುಗಾಳನ್ನು "ಶನಿವಾರಕ್ಕೆ ಬಂದು ಮುರಿಯೋಣ" ಎಂದು ಬಿಟ್ಟರೆ ಬ್ಯಾಡ್ಜರ್ ಎಂಬ ಬಿಲವಾಸಿ ಪ್ರಾಣಿ ಶುಕ್ರವಾರ ರಾತ್ರಿಯೇ ದಂಟು ಮಲಗಿಸಿ ಮುಗಿಸಿರುತ್ತದೆ. ಅದನ್ನು ಕೊಲ್ಲುವುದು, ಅದರ ಬಿಲ ಮುಚ್ಚುವುದು 1992ರ ಕಾಯ್ದೆಯ ಪ್ರಕಾರ ಅಪರಾಧ. ರೇಡಿಯೊ ಹಾಡಿಸಿಡುವುದೆಲ್ಲ ನಾಲ್ಕು ದಿನದ ಆಟ. ತಡೆಯಲೇಬೇಕೆಂದರೆ ತೋಟದ ಸಂಘದ ಒಪ್ಪಿಗೆ ಪಡೆದು, ಕರೆಂಟ್ ಬೇಲಿಗೆಂದೇ ಮಾಡಿದ ಬ್ಯಾಟರಿ ಯಂತ್ರಕ್ಕೆ ನೆಲದಿಂದ 10, 20 ಸೆಂಟಿಮೀಟರ್ ಎತ್ತರದಲ್ಲಿ ತಂತಿ ಎಳೆಯಬೇಕು. ಹುಲ್ಲು ತಾಕಿದರೆ ಕರೆಂಟ್ ನೆಲಕ್ಕೆ ಇಳಿದುಹೋಗುತ್ತದೆ, ಆದ್ದರಿಂದ ತಂತಿಯ ಕೆಳಗೆ ಸವರುತ್ತಿರಿ.

ಕೋಸಿಗೆ ಬಲೆ ಹಾಕುವವರು ಅದನ್ನು ನೇರ ಎಲೆಯ ಮೇಲೆ ಹೊದಿಸುತ್ತಾರೆ. ಬಿಳಿ ಚಿಟ್ಟೆ ಬಲೆಯ ಕಣ್ಣಿನ ಮೂಲಕವೇ ಮೊಟ್ಟೆ ಇಟ್ಟು ಹೋಗುತ್ತದೆ. 7 ಮಿಲಿಮೀಟರ್ ಕಣ್ಣಿನ ಬಲೆಯನ್ನು ಕಮಾನಿನ ಮೇಲೆ ಬಿಗಿಯಾಗಿ ಎಳೆದು, ಅಂಚನ್ನು ನೆಲಕ್ಕೆ ಗೂಟ ಹೊಡೆದು ಮುಚ್ಚಿ. ಹಣ್ಣಿನ ಗಿಡ, ಬಟಾಣಿಗೆ ಕಟ್ಟುವ ಬಲೆಯನ್ನು ಮಾತ್ರ ನೆಲದಿಂದ ಒಂದು ಗೇಣಿಗಿಂತ ಮೇಲೆ ನಿಲ್ಲಿಸಿ. ಸಡಿಲ ಬಲೆಯಲ್ಲಿ ಹೆಡ್ಜ್‌ಹಾಗ್ ಸಿಕ್ಕಿಕೊಂಡು ಸಾಯುತ್ತದೆ. (ಗೆಡ್ಡೆ ಅಗೆದು ತಿನ್ನುವ ನಮ್ಮ ಮುಳ್ಳುಹಂದಿಯಲ್ಲ ಇದು. ಜೀರುಂಡೆ, ಮರಿಹುಳು ತಿಂದು ಬದುಕುವ ಪಾಪದ ಪ್ರಾಣಿ.) ಗೊಬ್ಬರದ ಗುಂಡಿಯಲ್ಲಿ ಹೊಳೆಯುವ ಕಂದು ಮೈಯ ಸ್ಲೋವರ್ಮ್ ಕಂಡರೆ ಹಾವೆಂದು ಕೋಲು ಹುಡುಕಬೇಡಿ. ಅದು ಕಾಲಿಲ್ಲದ ಹಲ್ಲಿ, ರೆಪ್ಪೆ ಮಿಟುಕಿಸುತ್ತದೆ, ಗೊಂಡೆಹುಳು (ಚಿಪ್ಪಿಲ್ಲದ ಬಸವನಹುಳು) ತಿನ್ನುತ್ತದೆ, ಕಾನೂನಿನ ರಕ್ಷಣೆಯೂ ಅದಕ್ಕಿದೆ. ಗೊಂಡೆಹುಳು ಕೊಲ್ಲುವ ಮೆಟಾಲ್ಡಿಹೈಡ್ ಗುಳಿಗೆಯನ್ನು ಹೊರತೋಟದಲ್ಲಿ ಬಳಸುವುದನ್ನು 2022ರಲ್ಲಿ ನಿಷೇಧಿಸಿದ ಮೇಲಂತೂ ಇಂಥ ಕೂಲಿಯಾಳುಗಳನ್ನು ಕಳೆದುಕೊಳ್ಳಬಾರದು.

ಅವರೆಯ ಆಸೆ ಇನ್ನೊಂದು. ಊರಿನಿಂದ ತಂದ ನಾಟಿ ಅವರೆ ಬಳ್ಳಿ ಇಲ್ಲಿ ಸೊಂಪಾಗಿ ಹಬ್ಬುತ್ತದೆ, ಹೂ ಬಿಡುವುದಿಲ್ಲ. ಅದಕ್ಕೆ ಹಗಲು ಗಿಡ್ಡವಾಗಬೇಕು. ಇಲ್ಲಿ ಹಗಲು ಹನ್ನೆರಡು ಗಂಟೆಗೆ ಇಳಿಯುವುದು ಸೆಪ್ಟೆಂಬರ್ ಕೊನೆಗೆ, ಆಮೇಲೆ ಹಿಮ ಬಂದು ಎಲ್ಲ ಕರಕಲು. ಹೆಬ್ಬಾಳ ಅವರೆ-3, 4 ತಳಿಗಳಿಗೆ ಹಗಲಿನ ಲೆಕ್ಕವಿಲ್ಲ, ಆದರೆ ಬಿಸಿ ಬೇಕು, ಪಾಲಿಟನಲ್ (ಪ್ಲಾಸ್ಟಿಕ್ ಹೊದಿಕೆಯ ಕಮಾನು ಮನೆ) ಇದ್ದವರಿಗಷ್ಟೇ ಸಲ್ಲುತ್ತದೆ. ಬದಲಿಗೆ ರನ್ನರ್ ಬೀನ್ಸ್ ಹಾಕಿ. ಎರಡು ದಿನಕ್ಕೊಮ್ಮೆ ಕಿತ್ತರೆ ಅಕ್ಟೋಬರ್‌ವರೆಗೂ ಬರುತ್ತದೆ. ನಾಲ್ಕು ಕಾಯಿ ಬಲಿಯಲು ಬಿಟ್ಟರೂ ಬಳ್ಳಿ ಹೂ ಬಿಡುವುದನ್ನು ಕಡಿಮೆ ಮಾಡುತ್ತದೆ. ಕೊನೆಯಲ್ಲಿ ಬಲಿತು ಒಣಗಿದ ಕಾಳು ಸಾರಿಗೆ ಒಗ್ಗುತ್ತದೆ, ರಾತ್ರಿ ನೆನೆಸಿ, ಆ ನೀರು ಚೆಲ್ಲಿ, ಹತ್ತು ನಿಮಿಷ ಕೊತಕೊತ ಕುದಿಸಿದ ಮೇಲೆಯೇ ಬೇಯಲಿಡಿ. ಹಸಿಬಿಸಿ ಬೆಂದರೆ ವಾಂತಿ ಖಚಿತ.

ಇಲ್ಲಿನವರಿಂದ ಹೊತ್ತು ನೋಡುವುದನ್ನು ಕಲಿಯೋಣ, ಆದರೆ ಅವರ ಒಂದೊಂದು ಮಡಿಗೆ ಒಂದೊಂದೇ ಬೆಳೆಯ ಶಿಸ್ತು ನನಗೆ ಒಪ್ಪಿಗೆಯಿಲ್ಲ. ರಾಗಿಯ ನಡುವೆ ಅವರೆ, ತೊಗರಿ, ಹುಚ್ಚೆಳ್ಳು ಹಾಕುವ ಅಕ್ಕಡಿ ಸಾಲಿನ ಕ್ರಮ ಇಲ್ಲೂ ಸಲ್ಲುತ್ತದೆ. ಬೀನ್ಸ್ ಬುಡಕ್ಕೆ ಕೊತ್ತಂಬರಿ ಚೆಲ್ಲಿ, ಹೂವಿಗೇರಿತೆಂದು ಕಿತ್ತೆಸೆಯಬೇಡಿ. ಆ ಬಿಳಿ ಹೂವಿಗೆ ಹೋವರ್‌ಫ್ಲೈ ಎಂಬ ನೊಣ ಬರುತ್ತದೆ, ಅದರ ಮರಿ ಬೀನ್ಸಿನ ಕರಿಹೇನು ತಿನ್ನುತ್ತದೆ. ಬೀಜ ಕಂದಾದಾಗ ದಂಟು ಕೊಯ್ದು, ಕಾಗದದ ಚೀಲದಲ್ಲಿ ತಲೆಕೆಳಗಾಗಿ ತೂಗುಹಾಕಿದರೆ ಎರಡು ವಾರದಲ್ಲಿ ಸಾರಿನ ಪುಡಿಗೆ ಧನಿಯಾ ಸಿದ್ಧ.