ಅಪ್ಪನ ಲ್ಯಾಪ್‌ಟಾಪಿನ ಎಡಬದಿಯ ಪ್ಯಾನೆಲ್

ಕಾಸರಗೋಡು ಜಿಲ್ಲೆಯ ಬದಿಯಡ್ಕದ ನಮ್ಮ ಮನೆಯಲ್ಲಿ ಅಪ್ಪ ಬಳಸುವ ಲ್ಯಾಪ್‌ಟಾಪಿಗೆ ಹತ್ತು ವರ್ಷ ದಾಟಿತು. ಇಂಟೆಲ್ ಕಂಪನಿಯ ಐದನೇ ತಲೆಮಾರಿನ ಐ3 ಪ್ರೊಸೆಸರ್, 4 ಜಿಬಿ ರ‍್ಯಾಮ್. ವಿಂಡೋಸ್ 10ರ ಮಾಮೂಲಿ ಬೆಂಬಲ, ಅಂದರೆ ಸುರಕ್ಷತೆಯ ಅಪ್‌ಡೇಟು, 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಇಂಟೆಲ್‌ನಲ್ಲಾದರೆ ಹೆಚ್ಚುಕಮ್ಮಿ ಎಂಟನೇ ತಲೆಮಾರಿನಿಂದ ಮೇಲಿನದ್ದು, ಜೊತೆಗೆ ಟಿಪಿಎಂ 2.0 ಅನ್ನುವ ಸುರಕ್ಷತಾ ಚಿಪ್ ಬೇಕು. “ಹೊಸತು ತೆಗೆಯುವ” ಅಂತ ತಮ್ಮ ಹೇಳಿದ. ಗಟ್ಟಿಯಾಗಿರುವ ಯಂತ್ರವನ್ನು ಅಟ್ಟಕ್ಕೆ ಹಾಕಲು ನನಗೆ ಮನಸ್ಸು ಬರಲಿಲ್ಲ. ಲಿನಕ್ಸ್ ಮಿಂಟ್‌ನ ಎಕ್ಸ್‌ಎಫ್‌ಸಿಇ ಆವೃತ್ತಿ ಹಾಕಿದೆ. ಲಿನಕ್ಸ್ ಅಂದರೆ ವಿಂಡೋಸಿನ ಬದಲು ಹಾಕಬಹುದಾದ ಉಚಿತ ಓಎಸ್ (ಕಂಪ್ಯೂಟರನ್ನು ನಡೆಸುವ ಮೂಲ ತಂತ್ರಾಂಶ), ಮಿಂಟ್ ಅದರ ಒಂದು ರೂಪ, ಎಕ್ಸ್‌ಎಫ್‌ಸಿಇ ಅಂದರೆ ಪರದೆಯ ಮೇಲೆ ಕಾಣುವ ಹಗುರವಾದ ಡೆಸ್ಕ್‌ಟಾಪ್.

ಯಾವ ಓಎಸ್ ಒಳ್ಳೆಯದು ಅಂತ ಕೇಳುವವರು ವೇಗ, ವೈರಸ್, ಬೆಲೆ ಇಷ್ಟನ್ನೇ ಕೇಳುತ್ತಾರೆ. ನಾನು ಮೊದಲು ಕೇಳುವುದು, ಎದುರು ಕೂರುವವರು ಯಾರು, ಅವರು ಯಾವ ಭಾಷೆಯಲ್ಲಿ ಬರೆಯುತ್ತಾರೆ ಅಂತ. ಅಪ್ಪನಿಗೆ ಎಪ್ಪತ್ತೆರಡು. ಭಜನಾ ಮಂದಿರದ ಲೆಕ್ಕ, ಆಮಂತ್ರಣ, ಸಭೆಯ ವರದಿ, ಎಲ್ಲ ಕನ್ನಡದಲ್ಲೇ.

ಹಾಗಾಗಿ ಒಂದು ಭಾನುವಾರ ಇಡೀ ಕೂತು ಅದನ್ನು ಅವರಿಗೆ ಬೇಕಾದ ಹಾಗೆ ಮಾಡಿದೆ. ಪರದೆ 1366×768, ಅಗಲ ಉಂಟು, ಎತ್ತರ ಸಾಲದು. ಮೆನು, ಗಡಿಯಾರ ಇರುವ ಕೆಳಗಿನ ಪಟ್ಟಿಯನ್ನು, ಅಂದರೆ ಪ್ಯಾನೆಲನ್ನು, ಎಡಬದಿಗೆ ತಂದೆ, ಬರೆಯುವಾಗ ಒಂದೆರಡು ಸಾಲು ಹೆಚ್ಚು ಕಾಣುತ್ತದೆ. ಎಕ್ಸ್‌ಎಫ್‌ಸಿಇಯಲ್ಲಿ ಪ್ಯಾನೆಲನ್ನು ‘ವರ್ಟಿಕಲ್’ ಮಾಡಿದರೆ ಅಕ್ಷರಗಳು ಅಡ್ಡ ಮಲಗುತ್ತವೆ. ‘ಡೆಸ್ಕ್‌ಬಾರ್’ ಅಂತ ಇನ್ನೊಂದು ಆಯ್ಕೆ ಉಂಟು, ಅದರಲ್ಲಿ ನೆಟ್ಟಗೆ ನಿಲ್ಲುತ್ತವೆ. ಇದು ತಿಳಿಯುವಾಗ ಮಧ್ಯಾಹ್ನ ಆಗಿತ್ತು. ಸಿಸ್ಟಮ್ ಫಾಂಟನ್ನು ನೋಟೋ ಸಾನ್ಸ್ ಕನ್ನಡಕ್ಕೆ ಬದಲಿಸಿ ಗಾತ್ರ 13ಕ್ಕೆ ಏರಿಸಿದೆ, ಚಿಕ್ಕದರಲ್ಲಿ ಒತ್ತಕ್ಷರ ಅವರ ಕಣ್ಣಿಗೆ ಸಿಗುತ್ತಿರಲಿಲ್ಲ. ಭಾಷೆ ಕನ್ನಡ ಮಾಡಿದ ಮೇಲೆ, ಮರುದಿನ ಗಡಿಯಾರದ ಕೆಳಗೆ ‘ಸೋಮವಾರ’ ಅಂತ ಬಂತು. ಅಪ್ಪ ಕನ್ನಡಕ ಸರಿಮಾಡಿಕೊಂಡು ಅದನ್ನೇ ಓದಿದರು. ಟೈಪಿಂಗಿಗೆ ಐಬಸ್ ಅನ್ನುವ ತಂತ್ರಾಂಶ, ಅದರಲ್ಲಿ ಕೆಜಿಪಿ ಕೀಲಿಮಣೆ ವಿನ್ಯಾಸ. ‘ನುಡಿ’ ತಂತ್ರಾಂಶದಲ್ಲಿ ಇರುವುದೂ ಅದೇ ವಿನ್ಯಾಸ, ಹಾಗಾಗಿ ಅದರಲ್ಲಿ ಪಳಗಿದ ಬೆರಳು ಹೊಸತು ಕಲಿಯಬೇಕಾಗಲಿಲ್ಲ.

ಹೀಗೆ ಬೇಕಾದ ಹಾಗೆ ಬದಲಿಸುವುದನ್ನು ಶೋಕಿ ಅನ್ನುವವರ ಮಾತು ನಾನು ಒಪ್ಪುವುದಿಲ್ಲ. 2021ರಲ್ಲಿ ಬಂದಾಗ ವಿಂಡೋಸ್ 11 ಟಾಸ್ಕ್‌ಬಾರನ್ನು ಬದಿಗೆ ಸರಿಸುವ ಅನುಕೂಲವನ್ನೇ ಬಿಟ್ಟಿತ್ತು. ಮ್ಯಾಕ್‌ನಲ್ಲಿ ಕನ್ನಡ ಚಂದ ಕಾಣುತ್ತದೆ, ಆದರೆ ಅದಕ್ಕೆ ಆಪಲ್ ಯಂತ್ರವೇ ಬೇಕು. ಲಿನಕ್ಸಿನ ಒಳಗೂ ಡೆಸ್ಕ್‌ಟಾಪಿನಿಂದ ಡೆಸ್ಕ್‌ಟಾಪಿಗೆ ವ್ಯತ್ಯಾಸ ಉಂಟು. ಗ್ನೋಮ್ ಶುಭ್ರ, ಆದರೆ ಬದಲಾಯಿಸಲು ಎಕ್ಸ್‌ಟೆನ್ಶನ್ ಅನ್ನುವ ಹೆಚ್ಚುವರಿ ತುಣುಕುಗಳು ಬೇಕು, ಆವೃತ್ತಿ ಬದಲಾದಾಗ ಅವು ಕೈಕೊಡುವುದುಂಟು. ಕೆಡಿಇ ಪ್ಲಾಸ್ಮಾದಲ್ಲಿ ಬದಲಾಯಿಸಲಾಗದ್ದು ಅಂತ ಹುಡುಕಬೇಕು. ನನ್ನ ಸ್ವಂತ ಕಂಪ್ಯೂಟರಿನಲ್ಲಿ ಇರುವುದು ಅದೇ. ಅಪ್ಪನ 4 ಜಿಬಿಗೆ ಮಾತ್ರ ಎಕ್ಸ್‌ಎಫ್‌ಸಿಇಯೇ ಹಿತ.

ನಮ್ಮ ಜಿಲ್ಲೆಯಲ್ಲಿ ಇದು ಪರಕೀಯವೂ ಅಲ್ಲ. ಕೇರಳದಲ್ಲಿ ಐಟಿ ಅಟ್ ಸ್ಕೂಲ್ ಯೋಜನೆ 2001ರಲ್ಲಿ ಶುರುವಾಗಿ, ಮುಂದೆ ಶಾಲೆಗಳ ಕಂಪ್ಯೂಟರುಗಳು ಲಿನಕ್ಸಿಗೆ ಬಂದವು. 2017ರಿಂದ ಆ ಯೋಜನೆಯೇ ಕೈಟ್ ಅನ್ನುವ ಸರಕಾರಿ ಸಂಸ್ಥೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಕೂಡ ಲಿನಕ್ಸಿನಲ್ಲೇ ಕಲಿಯುತ್ತಾರೆ. ಎಂಟನೇ ಕ್ಲಾಸಿನ ತಂಗಿಯ ಮಗಳು ಅಪ್ಪನ ಲ್ಯಾಪ್‌ಟಾಪ್ ತೆರೆದು, ಯಾರನ್ನೂ ಕೇಳದೆ ಲಿಬ್ರೆಆಫೀಸಿನಲ್ಲಿ ಅಜ್ಜನಿಗೆ ಕೋಷ್ಟಕ ಹಾಕಿಕೊಟ್ಟಳು. ಶಾಲೆಯಲ್ಲಿ ಕಲಿತದ್ದು ಮನೆಗೆ ಬರುವಾಗ ಬೇರೆ ಓಎಸ್‌ನ ಎದುರು ನಿಲ್ಲಬೇಕಾಗುವುದು ನನಗೆ ನಿಜವಾಗಿ ಬೇಸರದ ವಿಷಯ.

ತೊಡಕು ಇಲ್ಲ ಅಂತಲ್ಲ. ಪುಟ ವಿನ್ಯಾಸದ ಹಳೆಯ ತಂತ್ರಾಂಶ ಪೇಜ್‌ಮೇಕರಿನಲ್ಲಿ ಕೆಲಸ ಮಾಡುವ ಪ್ರೆಸ್ಸಿನವರಿಗೆ ವಿಂಡೋಸ್ ಬಿಡಿ ಅಂತ ನಾನು ಹೇಳಲಾರೆ. ಲಿನಕ್ಸಿನ ಮೆನುಗಳ ಅನುವಾದ ಅರ್ಧ ಕನ್ನಡ, ಅರ್ಧ ಇಂಗ್ಲಿಷ್. ಈ ಅನುವಾದ ಮಾಡುವವರು ಸ್ವಯಂಸೇವಕರು. ಕನ್ನಡಕ್ಕೆ ಜನ ಸಾಲದು. ಎರಡು ಭಾಷೆಗಳ ನಡುವೆ ದಿನಾ ಓಡಾಡುವ ಗಡಿನಾಡಿನ ನಮಗೆ ಅದು ಆಗದ ಕೆಲಸವಲ್ಲ. ಆಸಕ್ತಿ ಇದ್ದವರು ನನಗೆ ಮೆಸೇಜ್ ಮಾಡಿ, ಒಟ್ಟಿಗೆ ಕೂರುವ.

ಅಪ್ಪನ ಹಳೆಯ ವರದಿಗಳು ಯೂನಿಕೋಡ್ (ಎಲ್ಲ ಕಂಪ್ಯೂಟರುಗಳಿಗೂ ಒಂದೇ ಆದ ಅಕ್ಷರ ಸಂಕೇತ) ಅಲ್ಲದ ನುಡಿ ಫಾಂಟಿನಲ್ಲಿವೆ. ಫಾಂಟ್ ಹಾಕಿದರೆ ಕಾಣುತ್ತವೆ, ಆದರೆ ಒಂದು ಹೆಸರು ಹುಡುಕಿದರೆ ಸಿಗುವುದಿಲ್ಲ. ದಿನಾ ರಾತ್ರಿ ಊಟ ಆದ ಮೇಲೆ ಒಂದೊಂದು ಫೈಲನ್ನು ಯೂನಿಕೋಡಿಗೆ ತರುತ್ತಿದ್ದೇನೆ. ಹತ್ತಿರ ಕೂತು ತಪ್ಪು ತಿದ್ದುವವರು ಅಪ್ಪ.